ಅಕ್ಕನ ಹೆಸರಿನ ಲಕೋಟೆ

ಜಿಲೇಬಿ ಕರಿಯುವ ವಾಸನೆ ಬಂದರೆ ನಾನು ಇಂದಿಗೂ ಬೇರೆ ಓಣಿ ಹಿಡಿಯುತ್ತೇನೆ.

ಟಿವಿಯಲ್ಲಿ ವಾರ್ತೆ ಓದುವ ಕೆಲಸಕ್ಕೆ ಅಕ್ಕ ಅರ್ಜಿ ಹಾಕಿದ್ದಳು. ನೆಲೋಗಿಯ ನಮ್ಮ ಮನೆಯ ಹಿತ್ತಲ ಕಿಟಕಿಯಲ್ಲಿ, ಮುಖಕ್ಕೆ ಪೌಡರ್ ಹಚ್ಚಿಕೊಂಡು, ದಿನಾ ಹಳೇ ಪೇಪರನ್ನು ವಾರ್ತೆಯ ಹಾಗೆ ಗಟ್ಟಿಯಾಗಿ ಓದುತ್ತಿದ್ದಳು. ಆ ಮಧ್ಯಾಹ್ನ ಅಂಚೆಯವನು ಅವಳ ಲಕೋಟೆಯನ್ನು ನನ್ನ ಕೈಗಿಟ್ಟ.

ಪಡಸಾಲೆಯಲ್ಲಿ ಅಪ್ಪ ಜೇವರ್ಗಿ ಪೇಟೆಯಿಂದ ತಂದ ಪೊಟ್ಟಣ ಬಿಚ್ಚಿದ. "ಒಂದ್ ಜಿಲೇಬಿ ಕೊಡ್ತೇನಿ, ಅದನ್ನ ಇಲ್ಲಿ ತಾ ಬೇ."

"ಎರಡ್ ಕೊಡು."

"ನೀ ಸಾವ್ಕಾರ್ತಿ ಆಗ್ತಿ ಬಿಡು."

ಎರಡು ಜಿಲೇಬಿ ಇಸಿದುಕೊಂಡು ಲಕೋಟೆ ಕೊಟ್ಟೆ. ಅಪ್ಪ ಒಡೆದು ಓದಿದ. "ಕರ್ದಾರ, ಊರಮಂದಿಗಿ ಮುಖ ತೋರಿಸಾಕ," ಎಂದು ಒಲೆಗೆ ಹಾಕಿದ.

ವ್ಯಾಪಾರಕ್ಕಿಳಿಯುವವರಿಗೆ ನಾನು ಹೇಳುವುದಿಷ್ಟೇ: ಬೆಲೆ ಕೇಳುವ ಮೊದಲು ಮಾಲು ಯಾರದೆಂದು ನೋಡಿಕೊಳ್ಳಿ.

"ನನಗೇನರ ಟಪಾಲ್ ಬಂತೇನ್ ತಂಗಿ?" ಅಕ್ಕ ಕಿಟಕಿಯಿಂದ ಕೇಳಿದಳು.

ಬಾಯಿ ತುಂಬಿತ್ತು. ಇಲ್ಲವೆಂದು ತಲೆಯಾಡಿಸಿದೆ.

ಅವಳು ಪೌಡರ್ ಸರಿಮಾಡಿಕೊಂಡು, ನಗುತ್ತ, ಮತ್ತೆ ನಮಸ್ಕಾರದಿಂದ ಶುರು ಮಾಡಿದಳು.