ತುಂಬಿಕೊಂಡ ಮೈ

ಆಲೂಗಡ್ಡೆ ಮೂಟೆ ಹೇರಿದ್ದ ಗಾಡಿಯ ಚಕ್ರ ಹೊಳೆದಂಡೆಯ ಕೆಸರಿನಲ್ಲಿ ಅರ್ಧಕ್ಕೆ ಹೂತುಹೋಗಿತ್ತು. ಚಿಕ್ಕಯ್ಯ ಹಲ್ಲು ಕಚ್ಚಿ ಎಷ್ಟು ನೂಕಿದರೂ ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಗರಡಿಮನೆಯಿಂದ ಬರುತ್ತಿದ್ದ ಅವನ ಗೆಳೆಯ ಬೋರಪ್ಪ, "ಸರ್ಕೊಳ್ಲಾ ಅತ್ಲಾಗೆ" ಎನ್ನುತ್ತ ಗಾಡಿಯ ಕೆಳಗೆ ಭುಜ ಕೊಟ್ಟ. ಗಾಡಿ ಕಿರುಗುಟ್ಟಿ ಮೇಲೆದ್ದು ಗಟ್ಟಿ ನೆಲಕ್ಕೆ ಬಂತು. ಪಕ್ಕದಲ್ಲಿ ನಿಂತಿದ್ದ ಚಿಕ್ಕಯ್ಯನ ಹೆಂಡತಿ ರೇವಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡು, "ಅಬ್ಬಬ್ಬ, ಏನ್ ಕಸುವಪ್ಪ ಬೋರಪ್ಪಣ್ಣಂಗೆ!" ಎಂದಳು. ಅಂದವಳು ಅಲ್ಲೇ ಮರೆತಳು. ಚಿಕ್ಕಯ್ಯನ ಹೊಟ್ಟೆಯೊಳಗೆ ಮಾತ್ರ ಯಾರೋ ಕೆಂಡ ಸುರಿದಂತಾಯಿತು.

ಇಬ್ಬರೂ ಹೊಳೆನರಸೀಪುರದ ಒಂದೇ ಬೀದಿಯವರು. ಗರಡಿಗೆ ಒಟ್ಟಿಗೇ ಸೇರಿ ಒಂದೇ ಮಣ್ಣಿನಲ್ಲಿ ಹೊರಳಿದವರು. ಬೋರಪ್ಪನ ತೋಳು ಒನಕೆಯಂತಾದರೆ ಚಿಕ್ಕಯ್ಯನವು ಇದ್ದ ಹಾಗೇ ಇದ್ದವು. ಚಳಿಯಾದರೆ, ನೆಂಟರು ಬಂದರೆ ತಾನು ಸಾಮು ತಪ್ಪಿಸುತ್ತಿದ್ದುದು ಅವನಿಗೆ ನೆನಪಾಗಲಿಲ್ಲ. ಬೋರಪ್ಪ ಏನನ್ನೋ ಕದ್ದುಮುಚ್ಚಿ ತಿನ್ನುತ್ತಾನೆ ಎನ್ನುವುದೊಂದೇ ತಲೆಯಲ್ಲಿ ಕೊರೆಯತೊಡಗಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಅದೇನ್ ತಿಂತೀಯ, ನಿಜ ಯೇಳ್ಲಾ."

"ಇನ್ನೇನ್ಲಾ ತಿನ್ನನ? ಮುದ್ದೆ, ಉಳ್ಳಿ ಸಾರು, ಮನೆ ಕೋಳಿ ಮೊಟ್ಟೆ. ಒಟ್ಟೆ ತುಂಬ ಉಣ್ಣು, ಕಣ್ ತುಂಬ ನಿದ್ದೆ ಮಾಡು, ಸಾಮು ಬುಡಬ್ಯಾಡ. ಅಷ್ಟೇ ಕಣ್ಲಾ."

ಹುರುಳಿ ಸಾರನ್ನು ಊರೆಲ್ಲ ಉಣ್ಣುತ್ತದೆ, ಊರವರೆಲ್ಲ ಪೈಲ್ವಾನರಾಗಿದ್ದಾರೆಯೇ? ಗುಟ್ಟು ಬಿಟ್ಟುಕೊಡದ ಕಳ್ಳ ಎಂದು ಚಿಕ್ಕಯ್ಯ ಮನಸ್ಸಿನಲ್ಲೇ ಉಗಿದ.

ಚನ್ನರಾಯಪಟ್ಟಣದ ಸಂತೆಯಲ್ಲಿ ಒಬ್ಬ ಗ್ರಾಮಫೋನ್ ಹಾಕಿಕೊಂಡು, ಉಬ್ಬಿದ ಎದೆಯ ಜಟ್ಟಿಯ ಚಿತ್ರ ನೇತುಹಾಕಿ ಪುಷ್ಟಿ ಲೇಹ್ಯ ಮಾರುತ್ತಿದ್ದ. ಮನೆಯ ಕೋಳಿಗಳನ್ನು ಮಾರಲು ಬುಟ್ಟಿಯಲ್ಲಿ ತಂದಿದ್ದ ಚಿಕ್ಕಯ್ಯ ಅಲ್ಲೇ ನಿಂತುಬಿಟ್ಟ. ಜನ ಕರಗುವವರೆಗೆ ಕಾದು, ಮೆಲ್ಲಗೆ ಕೇಳಿದ: "ನಮ್ಮೂರ ಬೋರಪ್ಪ ಇದ್ನೇನಾ ತಕ್ಕೊಂಡೋಗದು?"

ಮಾರುವವನು ಅವನ ಮುಖವನ್ನು ಒಂದು ಗಳಿಗೆ ನೋಡಿದ. ಬೋರಪ್ಪ ಯಾರೆಂಬುದೇ ಅವನಿಗೆ ಗೊತ್ತಿರಲಿಲ್ಲ. ಸುತ್ತ ಕಣ್ಣಾಡಿಸಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡ ಅಂದವ್ರೆ ಅವ್ರು. ನಿನ್ನ ಕಿವಿಯಲ್ಲೇ ಇರ್ಲಿ."

ಚಿಕ್ಕಯ್ಯ ಬುಟ್ಟಿಯನ್ನು ಕೋಳಿ ಸಮೇತ ಅವನ ಮುಂದಿಟ್ಟ.

"ಮೊಟ್ಟೆ ಇಕ್ಕೋ ಕೋಳಿಗಳ್ನೂ ಯಾಕ್ ಕೊಟ್ಟೆ? ಒಂದೆರಡು ಉಳಿಸ್ಕೊಂಡು ಬಾ ಅಂದಿದ್ನಲ್ಲ!" ಎಂದು ರೇವಮ್ಮ ಕೂಗಾಡಿದಳು. ಅವನು ಭರಣಿಯ ಮುಚ್ಚಳ ತೆಗೆದು ಲೇಹ್ಯ ನೆಕ್ಕಿದ. ಒಗರೊಗರು, ನಾಲಿಗೆಯ ಮೇಲೆ ತುಕ್ಕಿನ ರುಚಿ. ಕೆಲವು ವಾರ ಕಳೆಯುವುದರೊಳಗೆ ಕೆನ್ನೆ ಉಬ್ಬಿತು, ಮೀನಖಂಡ ದಪ್ಪವಾಯಿತು, ಅಂಗಿಯ ತೋಳು ಬಿಗಿಯಾಯಿತು. "ಏನ್ ಚಿಕ್ಕಯ್ಯ, ಮೈ ತುಂಬ್ಕೊಂಡಿದ್ದೀಯ" ಎಂದರು ಜನ. ಅವನು ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಕೆಲಸವಿಲ್ಲದಿದ್ದರೂ ಬೋರಪ್ಪನ ಮನೆಯ ಮುಂದೆ ಹಾದುಹೋಗತೊಡಗಿದ. ಜಗಲಿ ಹತ್ತಿದರೆ ಏದುಸಿರು ಬರುವುದನ್ನು ರೇವಮ್ಮನಿಂದಲೂ ಮುಚ್ಚಿಟ್ಟ. "ನಿನ್ ಕಣ್ಯಾಕೆ ಬೆಳಿಗ್ಗೆ ರೆಪ್ಪೆ ಊದ್ಕೊಂಡು ಮುಚ್ಕೊಂಡೇ ಇರ್ತವೆ?" ಎಂದು ಅವಳು ಕೇಳಿದರೆ, "ನಿಂಗೆ ನನ್ ಮೈ ಕಂಡ್ರೆ ಸಂತೋಸ ಇಲ್ಲ. ಬ್ಯಾರೆಯೋರ್ದು ಕಂಡ್ರೇ ಸಂತೋಸ" ಎಂದ. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಹಾಸನದ ಕುಸ್ತಿಗೆ ಗರಡಿಯಿಂದ ಒಬ್ಬನನ್ನು ಆರಿಸುವ ದಿನ ಬಂತು. ಚಿಕ್ಕಯ್ಯ ತೊಡೆ ತಟ್ಟಿ ಬೋರಪ್ಪನನ್ನೇ ಕರೆದ. ಹಿಡಿತ ಬೀಳುತ್ತಲೇ ಬೋರಪ್ಪ ಬಗ್ಗಿ ಅವನ ಮೀನಖಂಡ ಹಿಡಿದವನು, ಎತ್ತಿ ಒಗೆಯುವ ಬದಲು ತಟ್ಟನೆ ಕೈಬಿಟ್ಟ. ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದ. ಬೆರಳು ತೆಗೆದರೂ ಕಾಲಿನಲ್ಲಿ ಬಿದ್ದ ಗುಳಿ ಹಾಗೇ ಉಳಿಯಿತು.

"ಏನ್ ತಿಂದಿದ್ಯಲಾ?" ಬೋರಪ್ಪ ತಲೆಯೆತ್ತಿ ಕೇಳಿದ.

"ನೀನ್ ತಿನ್ನದ್ನೇ ಕಣ್ಲಾ!" ಎಂದ ಚಿಕ್ಕಯ್ಯ, ಉಸಿರು ಎಳೆದುಕೊಳ್ಳುತ್ತ. ಮರುಗಳಿಗೆಗೆ ಮಣ್ಣಿನ ಮೇಲೆ ಕುಸಿದ.

ಬೋರಪ್ಪ ಅವನನ್ನು ಸೇರಿಸಿದ ಹಾಸನದ ಆಸ್ಪತ್ರೆಯ ಡಾಕ್ಟರು, ರೇವಮ್ಮ ತಂದುಕೊಟ್ಟ ಲೇಹ್ಯದ ಭರಣಿಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. "ಇದರಲ್ಲಿ ಏನು ಭಸ್ಮ ಕಲೆಸಿದ್ದಾನೋ, ನಿನ್ನ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿದೆ. ನೀನು ಮೈ ಅಂದ್ಕೊಂಡದ್ದೆಲ್ಲ ಬರೀ ನೀರಪ್ಪ" ಎಂದರು. ಹಾಸಿಗೆಯ ಮೇಲೆ ಉಪ್ಪಿಲ್ಲದ ಗಂಜಿ ಕುಡಿಯುತ್ತ ಚಿಕ್ಕಯ್ಯ ದಿನದಿನಕ್ಕೂ ಇಳಿದ. ಬಾವು ಇಳಿದು, ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕೈಕಾಲುಗಳಲ್ಲಿ ಮೂಳೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಕುಸ್ತಿಯ ದಿನ ಬೋರಪ್ಪ ಕಣಕ್ಕೆ ಹೋಗಿರಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದ.

ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಚಿಕ್ಕಯ್ಯನಿಗೆ ನಿಲ್ಲಲಾಗಲಿಲ್ಲ. ಬೋರಪ್ಪ ಅವನನ್ನು ಬೆನ್ನಿಗೆ ಹಾಕಿಕೊಂಡು ಓಣಿಯಲ್ಲಿ ನಡೆದ. ಆ ಬೆನ್ನು ಕಲ್ಲಿನಂತಿತ್ತು, ಬೆಚ್ಚಗಿತ್ತು. ಏರು ಹತ್ತುವಾಗಲೂ ಅವನ ಉಸಿರು ಹೆಚ್ಚಲಿಲ್ಲ. ಜೀವ ಉಳಿಸಿದವನ ಕತ್ತನ್ನು ತಬ್ಬಿಕೊಂಡಿದ್ದರೂ ಚಿಕ್ಕಯ್ಯನ ಹೊಟ್ಟೆಯೊಳಗಿನ ಉರಿ ತಣ್ಣಗಾಗಲಿಲ್ಲ. ಹಿಂದೆ ಬರುತ್ತಿರುವ ರೇವಮ್ಮನಿಗೆ ಈ ಬೆನ್ನು ಎಷ್ಟು ಚೆನ್ನಾಗಿ ಕಾಣುತ್ತಿರಬೇಕು! ತಡೆಯಲಾರದೆ, ನೋಯುವ ಕತ್ತನ್ನು ಹೊರಳಿಸಿ ಹಿಂದಕ್ಕೆ ನೋಡಿದ.

ರೇವಮ್ಮ ತಲೆಯನ್ನೇ ಎತ್ತಿರಲಿಲ್ಲ. ಇಬ್ಬದಿಯ ಕಳ್ಳಿಬೇಲಿಯ ಮುಳ್ಳು ನೇತಾಡುವ ಗಂಡನ ಕಾಲುಗಳಿಗೆ ತಗಲದಂತೆ, ತನ್ನ ಅಂಗೈಗಳನ್ನು ಅಡ್ಡ ಹಿಡಿದು ಬರುತ್ತಿದ್ದಳು.