ನೀರ ಹಿಡದ ಕಿಲ್ಟ

ದುಂಡವ್ವ ತನ್ನ ಗಂಡಗ ಕಿಲ್ಟ ಆರಿಸೂದು ನೋಡಾಕ ಅರ್ಧ ಮಿರಜ ಅಂಗಡಿ ಮುಂದ ಕೂಡಿತ್ತು. ಇದರಾಗ ಅರ್ಧ ಸುಳ್ಳೈತಿ, ಬಿಡ್ರಿ. ಮಂದಿ ಕೂಡಿದ್ದು ಖರೆ, ಆದ್ರ ಬಾಜೂಕ ಬಿಸಿ ಭಜಿ ಕರೀತಿದ್ರು. ಕೊಯ್ನಾ ಭೂಕಂಪ ಆದ ಮರುವರ್ಷದ ಮಾತು.

ಕಿಲ್ಟ ಅಂದ್ರ ಸ್ಕಾಟಲಂಡ ಅನ್ನೂ ದೇಶದ ಗಂಡಸರು ಉಡೂ ಉಣ್ಣಿ ಲಂಗಾ. ಮೊಣಕಾಲ ತನಕ ಬರತೈತಿ, ಹಿಂದ ಬರೇ ನಿರಿಗಿ. ಮಾಡಗ್ಯಾಳದಾಗ ಕುರಿ ಕಾಯೂ ಶಿದ್ರಾಯಗ ಅದ್ಯಾಕ ಬೇಕಾತಂದ್ರ, ಅವನ ಕೊಳಲ ಕೇಳಿ ಮರುಳಾದ ಬ್ಯಾಂಡಿನ ಮಾಲಕ ಆ ದೇಶದ್ದ ಒಂದು ತೊಗಲಚೀಲದ ಪೀಪಿ ಕಲಿಯಾಕ ಕೊಟ್ಟಿದ್ದ. ನಿಮ್ಮೂರ ಪಾಟೀಲರ ಲಗ್ನದಾಗ ಕಿಲ್ಟ ಉಟ್ಟು ಊದಿದ್ರ ಬ್ಯಾಂಡಿನ್ಯಾಗ ನೀ ಖಾಯಂ, ಇಲ್ಲಂದ್ರ ಪೀಪಿ ವಾಪಸ್ ಅಂದಿದ್ದ. ಲಗ್ನ ನಾಳೆನ ಇತ್ತು. ಆ ಪೀಪಿ ಬಂದಾಗಿಂದ ಶಿದ್ರಾಯ ನಿದ್ದಿಗಣ್ಣಾಗ ಹೆಂಡತಿ ಬೆನ್ನ ಮ್ಯಾಲ ಬೆರಳ ಆಡಸಾಂವ. ದುಂಡವ್ವ ಮಿಸುಕಾಡಲಾರದ ಮಲಗಾಕಿ. ಹೊಳ್ಳಿದ್ರ ರಾಗ ಕೆಡತೈತಂತ.

ಆದ್ರ ನಾಚಿಗಿ ಅಂದ್ರ ಶಿದ್ರಾಯ, ಶಿದ್ರಾಯ ಅಂದ್ರ ನಾಚಿಗಿ. ಊರಾಗ ಲಂಗಾ ಉಟ್ರ ನನ್ನ ಟಗರು ಸೈತ ನಗತಾವು ಅಂತ ಎಸ್ಟಿ ಬಸ್ಸಿನ್ಯಾಗ ದಾರಿ ತುಂಬ ಅಂದಕೋತ ಬಂದಿದ್ದ. ಸೈನ್ಯದ ಪಲ್ಟಣದವರು ಉಟ್ಟ ಬಿಟ್ಟ ಜೂನಾ ಅರಿವಿ ಮಾರೂ ಚಂದ್ರಾಬಾಯಿ ಎರಡ ಕಿಲ್ಟ ಮುಂದಿಟ್ಟಳು. ಒಂದು ಕರಿಹಸರ, ಒಂದು ಕೆಂಡದಂಥಾ ಕೆಂಪ ಚೌಕಳಿ. ಅವನ ಕೈ ಕರೀದರ ಮ್ಯಾಲ ಹೋತು. ಕತ್ತಲಾಗ ಕಾಣಂಗಿಲ್ಲ ಅಂತ ಅವನ ಲೆಕ್ಕ.

ದುಂಡವ್ವ ಕುರುಬರಾಕಿ. ಕಂಬಳಿ ಕೊಳ್ಳುಮುಂದ ನಾಕ ಮೂಲಿ ಹಿಡದು ನಡುವ ನೀರ ಹೊಯ್ತಾರ. ಸೋರಲಿಲ್ಲಂದ್ರ ನೇಯ್ಗಿ ಚಲೋ. ಎರಡ ಮೂಲಿ ಗಂಡನ ಕೈಯಾಗ ಕೊಟ್ಟಳು, ಎರಡ ಚಂದ್ರಾಬಾಯಿ ಕೈಯಾಗ. ಆಕಿ ಹಾಂ ಹೂಂ ಅನ್ನೂದರಾಗ ತುಂಬಿದ ತಂಬಿಗಿ ಕೆಂಪ ಕಿಲ್ಟಿಗೆ ಸುರುವಿದಳು. ನೀರ ನಿಂತಿತು. ಅದರಾಗ ಒಂದ ಬಿಳಿ ಮೋಡ ಬಂದ ಕುಂತಿತು. ಮೋಡದ ಕೆಳಗ ದುಂಡವ್ವಗ ಹಸರ ಗುಡ್ಡ ಕಂಡವು, ಮಂಜ ಕಂಡಿತು, ಮಂಜಿನ್ಯಾಗ ಕುರಿ ಕಂಡವು. ಅಲ್ಲೂ ಒಬ್ಬಾಕಿ ಈ ಉಣ್ಣಿ ತೊಳದಿರಬೇಕು. ಆಕಿ ಗಂಡನೂ ನಾಚಿದ್ನೋ ಏನೋ.

"ಬಾಯಿ, ತೊಯ್ಸಿದ್ದು ನಿಮ್ದ," ಅಂದಳು ಚಂದ್ರಾಬಾಯಿ. "ಇನ್ನ ಇದನ್ನ ಒಯ್ಯಬೇಕು."

"ಅಯ್ಯ, ತಪ್ಪಾತಲ್ಲರಿ," ಅಂತ ದುಂಡವ್ವ ಟಗರ ಮಾರಿದ ರೊಕ್ಕದ ಗಂಟ ಬಿಚ್ಚಿದಳು. ತಪ್ಪ ಮಾಡಿದಾಕಿ ಮಾರಿ ಹಂಗ ಹೊಳಿತಿರಂಗಿಲ್ಲ, ಅಷ್ಟ ಹೇಳತೀನಿ.

ಎಸ್ಟಿ ಕಿಡಕ್ಯಾಗ ಕಿಲ್ಟ ಪಟಪಟ ಹಾರಿಕೋತ ಒಣಗಿತು. ಅದನ್ನ ನೋಡಿ ಬೆದರಿದ ಎತ್ತ ಓಡಿ ಗಡಿ ದಾಟಿ ಮೈಸೂರ ರಾಜ್ಯ ಸೇರಿದ್ವಂತ. ಹೊತ್ತ ಮುಳಗೂ ಮುಂದ ಇಬ್ಬರೂ ಊರ ಹೊರಗ ಇಳದ್ರು. ಊರಬಾಗಲದ ಅಗಸಿ ಕಟ್ಟಿ ಮ್ಯಾಲ ಗಂಡಸರು ಕುಂತಿದ್ದು ಕಂಡು ಶಿದ್ರಾಯ ಜಾಲಿಕಂಟಿ ಹಂತ್ಯಾಕ ನಿಂತ. ಬಗಲಾಗಿನ ಪೀಪಿ ಸವರಿದ.

"ನನ್ನ ಕೈಲೆ ಆಗೂದಲ್ಲ, ದುಂಡಿ. ಪೀಪಿ, ಕಿಲ್ಟ ಎರಡೂ ವಾಪಸ್ ಕೊಡೂಣು."

"ಕೊಡೂಣಂತರಿ. ನನಗೊಬ್ಬಾಕಿಗೆ ಒಮ್ಮೆ ಉಟ್ಟ ತೋರಸ್ರಿ. ಇಲ್ಲಿ ನೋಡವರು ಯಾರದಾರು?"

ಕಂಟಿ ಹಿಂದ ಹೋದ. ಧೋತರ ಕಂಟಿ ಮ್ಯಾಲ ಬಂದು ಬಿತ್ತು. ಆಮ್ಯಾಲ ಅಂವ ತಲಿ ಬಗ್ಗಿಸಿ ಹೊರಗ ಬಂದ. ಮುಳಗೂ ಸೂರ್ಯಾನ ಸೊಂಟಕ್ಕ ಸುತಗೊಂಡಂಗ ಕಾಣತಿದ್ದ. ಗಾಳಿ ನಿರಿಗಿ ಒಂದೊಂದ ಎಣಸತಿತ್ತು. ದುಂಡವ್ವ ಕಣ್ಣತುಂಬ ನೋಡಿದಳು. ನೋಡಿ, ಧೋತರ ಮಡಿಚಿ ತಲಿ ಮ್ಯಾಲ ಸಿಂಬಿ ಮಾಡಿ ಇಟಗೊಂಡು ಊರ ಕಡೆ ನಡದಳು.

"ಏ ದುಂಡಿ, ಧೋತರ."

"ಮನ್ಯಾಗ ಇಟ್ಟಿರತೀನ್ರಿ."

ತಿರುಗಿ ನೋಡಲಿಲ್ಲ. ಹಿಂದ ಹೆಜ್ಜಿ ಸಪ್ಪಳ ಇಲ್ಲ. ಅಗಸಿ ಬಂತು. ಶಿದ್ರಾಯ ಎಲ್ಲಿ ಅಂತ ಕಟ್ಟಿ ಮ್ಯಾಲಿನವರು ಕೇಳಿದ್ರು. ಆಕಿ ತಲಿ ಮ್ಯಾಲಿನ ಸಿಂಬಿ ಸರಿ ಮಾಡಿಕೊಂಡಳು. ಅಷ್ಟರಾಗ ಹಿಂದ ದೂರ, ಸಾವಿರ ಜೇನ ಎದ್ದಂಗ ಚೀಲ ಉಸರ ತಗೊಂತು. ದೊಡ್ಡ್ಯಾಗಿನ ಕುರಿ ಎಲ್ಲಾ ಎದ್ದ ನಿಂತ್ವು. ರಾತ್ರಿ ಬೆನ್ನ ಮ್ಯಾಲ ಆಕಿ ಒಬ್ಬಾಕಿಗೇ ಗೊತ್ತಿದ್ದ ರಾಗ ಹತ್ರ ಹತ್ರ ಬರಾಕತ್ತಿತು.

ಧೋತರ ಅಂತೂ ದುಂಡವ್ವನ ತಲಿ ಮ್ಯಾಲ ಇತ್ತು. ಹಂಗಾದ್ರ ಶಿದ್ರಾಯ ಅಗಸಿಯೊಳಗ ಏನ ಉಟಗೊಂಡ ಬಂದ, ನೀವ ಹೇಳ್ರಿ ನೋಡೂಣು.