ಗಾಜಿನ ಬಾಗಿಲಿನ ರೊಟ್ಟಿ

ಭೀಮಗೊಂಡನ ಏರ್ ಫ್ರೈಯರಿನಲ್ಲಿ ಬೆಂದ ಜೋಳದ ರೊಟ್ಟಿಯ ವಾಸನೆಗೆ ಮಿರಜಿನಿಂದ ಬಂದ ರೈಲು ಶೇಡಬಾಳದಲ್ಲಿ ಹನ್ನೆರಡು ನಿಮಿಷ ನಿಂತುಬಿಟ್ಟಿತ್ತು. ಡ್ರೈವರ್ ಕೆಳಗಿಳಿದು, "ಜೋಡಿ ಶೇಂಗಾ ಚಟ್ನಿ ಐತೇನ್ರಿ?" ಎಂದು ಕೇಳಿದ್ದನಂತೆ. ಗಾರ್ಡು ಹಸಿರು ನಿಶಾನೆಯಲ್ಲೇ ಬಾಯಿ ಒರೆಸಿಕೊಂಡಿದ್ದನಂತೆ. ಶಿರಗುಪ್ಪಿಯ ಕಟ್ಟೆಯ ಮೇಲೆ ಭೀಮಗೊಂಡ ಇದನ್ನು ಎರಡು ತಿಂಗಳಿಂದ ಹೇಳುತ್ತಿದ್ದ. ಒಂದೊಂದು ಸಲ ಹೇಳಿದಾಗಲೂ ರೈಲಿಗೆ ಒಂದೊಂದು ಡಬ್ಬಿ ಹೆಚ್ಚುತ್ತಿತ್ತು.

ಇವತ್ತು ಹದಿನೆಂಟನೆಯ ಡಬ್ಬಿ ಜೋಡಿಸುತ್ತ ಮನೆಗೆ ಬಂದರೆ, ಪಡಸಾಲೆಯಲ್ಲಿ ಪದ್ಮವ್ವ ಕೂತಿದ್ದಳು. ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ರೊಟ್ಟಿ ಬಡಿದು ಕೊಡುವ ಹೆಂಗಸು. ಮಡಿಲಲ್ಲಿ ಜೋಳದ ಹಿಟ್ಟಿನ ಗಂಟು, ಮೊಳಕೈತನಕ ಕೆಮ್ಮಣ್ಣು.

"ಕಾಕಾರ, ರೈಲಿಂದು ಆಮ್ಯಾಗ. ಮದಲ ನಿಮ್ಮ ಮಿಷನ್ ತೋರಸ್ರಿ. ಯಾವುದು ತಗೋಬೇಕು, ಹೆಂಗ ಹಚ್ಚಬೇಕು, ಎಲ್ಲಾ ಕಲಸ್ರಿ."

"ನಿನಗ್ಯಾಕ ಬೇ ಮಿಷನ್ನು? ದೇವರು ನಿನಗ ಕೈ ಕೊಟ್ಟಾನಲ್ಲ!"

"ಕೈ ಯಾರಿಗಿ ಬೇಕ್ರಿ ಈಗ? ನಿಮ್ಮ ಮಾತ ಕೇಳಿ ಏಳ ಮನಿಯವ್ರು ಮಿಷನ್ ತರಾಕತ್ತಾರ, ನನ್ನ ರೊಟ್ಟಿ ಬಿಟ್ರು. ನಾನೂ ಮಿಷನ್ನಾಗ ಮಾಡಿ ಕೊಟ್ರ ತಿರುಗಿ ಬರತಾರು. ಅದನ್ನ ಇಡಾಕ ಜಾಗಾ ಬೇಕಲ್ರಿ, ಮುಂಜಾನೆ ಎದ್ದಾಕಿನ ಒಲಿ ಕಿತ್ತ ಹಾಕೀನಿ."

ಭೀಮಗೊಂಡನ ಕಣ್ಣು ಅವಳ ಕೈಯ ಮಣ್ಣಿನ ಮೇಲೆ ನಿಂತಿತು. ಆದರೂ ನಾಲಿಗೆ ಹಳೆಯ ಚಾಳಿ ಬಿಡಲಿಲ್ಲ. ಚಿಕ್ಕೋಡಿಯಲ್ಲಿ ಎರಡು ಅಂಗಡಿ, ನಿಪ್ಪಾಣಿಯಲ್ಲಿ ಐದು ಅಂಗಡಿ ಸುತ್ತಿದ್ದು, ಎಲ್ಲ ಬಿಟ್ಟು ಗಾಜಿನ ಬಾಗಿಲಿನದನ್ನೇ ಆರಿಸಿದ್ದು, ಅಂಗಡಿಯವನೇ ಇವನಿಂದ ಪಾಠ ಹೇಳಿಸಿಕೊಂಡಿದ್ದು, ಎಲ್ಲವನ್ನೂ ಹೇಳಿದ. "ಗಾಜ ಇರಬೇಕ ನೋಡು, ಒಳಗ ಬೇಯೂದು ನಾಕ ಮಂದಿಗಿ ಕಾಣಬೇಕು."

"ಹಂಗಾರ ಇವತ್ತ ನಮಗೂ ಕಾಣಲಿ," ಎಂದಳು ಹೆಂಡತಿ ಜಿನಮತಿ. ಮಣಿಕಟ್ಟು ಮುರಿದು ಪಟ್ಟಿ ಹಾಕಿದ್ದ ಅವಳ ಬಲಗೈ ಇನ್ನೂ ಕೊರಳಿನಿಂದ ತೂಗುತ್ತಿತ್ತು. ಇನ್ನು ನೀನು ರೊಟ್ಟಿ ಬಡಿಯುವುದೇ ಬೇಡ ಎಂದು ಓಣಿಯ ಎದುರು ಮಾತು ಕೊಟ್ಟೇ ಅವನು ಈ ಯಂತ್ರ ತಂದಿದ್ದು. "ದಿನಾ ನಾ ಬಸದಿಗಿ ಹೋದಾಗನ ಮಾಡಿ ಮುಗಸ್ತಾರವ್ವಾ. ಇನ್ನ ಮಟಾ ನಾನೂ ನೋಡಿಲ್ಲ."

ಪದ್ಮವ್ವ ಹಿಟ್ಟು ನಾದಿ, ಯಂತ್ರದೊಳಗಿನ ಜಾಲರಿಯಷ್ಟೇ ಅಗಲದ ಒಂದು ರೊಟ್ಟಿ ಬಡಿದು ಕೊಟ್ಟಳು. ಭೀಮಗೊಂಡ ಗುಂಡಿ ತಿರುಗಿಸಿದ. ಮೂವರೂ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ರೊಟ್ಟಿ ಉಬ್ಬಲಿಲ್ಲ. ಬೇಸಿಗೆಯ ಕೆರೆಯಂಗಳದಂತೆ ಬಿರಿಯಿತು. ಒಣಗಿ ಹಗುರಾದದ್ದೇ ತಡ, ಒಳಗಿನ ಫ್ಯಾನಿನ ಗಾಳಿಗೆ ಅಂಚು ಎತ್ತಿತು, ಒಮ್ಮೆ ಅಲುಗಿತು, ಆಮೇಲೆ ಎದ್ದು ಹೋಗಿ ಮೇಲಿನ ಕೆಂಪಗೆ ಕಾದ ತಂತಿಸುರುಳಿಗೆ ಅಂಟಿಕೊಂಡು ಹೊಗೆಯಾಡತೊಡಗಿತು. ಗಾಜು ಎಲ್ಲವನ್ನೂ ಚೆನ್ನಾಗಿ ತೋರಿಸಿತು.

"ಕರೆಂಟ್ ಕಡಿಮಿ ಐತಿ," ಎಂದ ಭೀಮಗೊಂಡ, ಮಿಷನ್ ಆರಿಸುತ್ತ. "ಹಿಟ್ಟ ಹೊಸಾ ಜೋಳದ್ದ ಅನಸ್ತೈತಿ."

ಜಿನಮತಿ ಎದ್ದು ಹೋಗಿ ಎಡಗೈಯಲ್ಲಿ ರೊಟ್ಟಿಯ ಡಬ್ಬ ತಂದು ಪದ್ಮವ್ವನ ಮುಂದೆ ಇಟ್ಟಳು. "ನೋಡವ್ವಾ, ನಿನ್ನೆ ಮಾಡಿದ್ವು. ಇವು ಭಾಳ ಚಂದ ಆಗ್ಯಾವು."

ಪದ್ಮವ್ವ ಒಂದನ್ನು ತೆಗೆದು ಬೆಳಕಿಗೆ ಹಿಡಿದಳು. ಹಿಂದೊಮ್ಮೆ ಕಬ್ಬು ಕಡಿಯುವಾಗ ಕೊಯ್ತಾದ ಅಲಗು ತಗುಲಿ ಅವಳ ಉಂಗುರದ ಬೆರಳು ಸೆಟೆದು ನಿಂತಿತ್ತು. ರೊಟ್ಟಿಯ ಅಂಚಿನ ಸುತ್ತ ಸಾಲಾಗಿ ಸಣ್ಣ ಸಣ್ಣ ಕುಳಿ. ಅವಳು ಆ ಬೆರಳನ್ನು ಒಂದು ಕುಳಿಯಲ್ಲಿಟ್ಟಳು. ಅದು ಅಲ್ಲಿ ಸರಿಯಾಗಿ ಕೂತಿತು.

"ಕಾಗವಾಡದ ಅಂಗಡಿಗಿ ನಾ ರೊಟ್ಟಿ ಹಾಕ್ತೀನ್ರಿ," ಎಂದಳು ಮೆಲ್ಲಗೆ. "ಯಾರೋ ಒಬ್ಬ ಗಿರಾಕಿ ವಾರಕ್ಕ ನಲವತ್ತ ಒಯ್ತಾನಂತ. ಎಂಥಾ ಬಿಸಲಾಗೂ ತಲ್ಯಾಗಿನ ಹೆಲ್ಮೆಟ್ ತಗ್ಯಾಂಗಿಲ್ಲಂತ. ಅಂಗಡ್ಯಾಂವ ಹೇಳಿ ಹೇಳಿ ನಗತಿದ್ದ."

ಜಿನಮತಿ ನಗಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಹೆಲ್ಮೆಟ್ಟನ್ನು ನೋಡಿದಳು, ಗಂಡನನ್ನು ನೋಡಿದಳು, ಕಡೆಗೆ ಪಟ್ಟಿ ಕಟ್ಟಿದ ತನ್ನ ಕೈ ನೋಡಿಕೊಂಡಳು. "ನನಗೂ ಹೇಳಲಿಲ್ಲಲ್ರಿ," ಎಂದಳು, ಅಷ್ಟೇ.

ರೈಲಿಗೆ ಹದಿನೆಂಟು ಡಬ್ಬಿ ಕಟ್ಟಿದ್ದ ಭೀಮಗೊಂಡ ನೆಲ ನೋಡುತ್ತ ಕೂತ. ತನಗೇ ಪರಿಚಯವಿಲ್ಲದ ಸಣ್ಣ ದನಿಯಲ್ಲಿ ಹೇಳಿದ:

"ಮದಲನೇ ದಿನಾನ ಹಿಂಗ ಸುಟ್ಟ ಹೋತು. ಓಣಿ ಮಂದಿ ಬಂದ ನಿಂತಿದ್ರು, ನಾಚಿಕಿ ಬಂತು, ನಾಳಿ ಬರ್ರಿ ಅಂದೆ. ಮರದಿನ ಕಾಗವಾಡದ ಅಂಗಡಿಯಿಂದ ರೊಟ್ಟಿ ತಂದ ಇದರಾಗ ಬರೇ ಬೆಚ್ಚಗ ಮಾಡಿ ತೋರಿಸಿದ್ನಿ. ಅಲ್ಲಿಂದ ಬಿಡಾಕ ಆಗಲಿಲ್ಲ. ಅವು ನಿನ್ನವು ಅಂತ ನನಗ ಆಣಿಗೂ ಗೊತ್ತಿರಲಿಲ್ಲ ಪದ್ಮವ್ವಾ. ಈ ಮಿಷನ್ನಾಗ ನಾ ಒಂದ ರೊಟ್ಟಿನೂ ಬೇಸಿಲ್ಲ." ಸ್ವಲ್ಪ ತಡೆದ. "ಶೇಡಬಾಳದಾಗ ರೈಲ ನಿಂತಿದ್ದೂ ಸುಳ್ಳ."

ಪದ್ಮವ್ವ ಹಿಟ್ಟಿನ ಗಂಟು ಕಟ್ಟಿಕೊಂಡು ಎದ್ದಳು. ಸೆರಗಿನ ತುದಿಗೆ ಕೆಡವಿದ ಒಲೆಯ ಮಣ್ಣು ಇನ್ನೂ ಅಂಟಿತ್ತು.

"ರೈಲಿಂದು ಸುಳ್ಳ ಅಂತ ಎಲ್ಲಾರಿಗೂ ಗೊತ್ತಿತ್ರಿ ಕಾಕಾರ," ಎಂದಳು. "ರೊಟ್ಟಿದಷ್ಟ ನಂಬಿದ್ವಿ."